ಒಪ್ಪಂದದ ಅವಧಿಯಲ್ಲಿ ಕಂಡ ದೇಶ: ಲಫ್ಕಾಡಿಯೊ ಹರ್ನ್‌ನ ಮಾತ್ಸುಯೆ ಬರಹಗಳು

ಕನ್ನಡದಲ್ಲಿ ಪ್ರವಾಸ ಸಾಹಿತ್ಯವನ್ನು ಕುರಿತ ವಿಮರ್ಶೆಯು ಬಹುಮಟ್ಟಿಗೆ ಎರಡು ಬಗೆಯ ಬರಹಗಾರರನ್ನು ಕಣ್ಣೆದುರು ಇರಿಸಿಕೊಂಡು ಬೆಳೆದುಬಂದಿದೆ. ಊರಿಂದೂರಿಗೆ ಸಾಗುತ್ತ, ಕಂಡದ್ದನ್ನು ದಾಖಲಿಸಿಕೊಂಡು ಮರಳುವ ಪ್ರವಾಸಿಯದು ಮೊದಲನೆಯ ಬಗೆ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಇದಕ್ಕೆ ಮೇಲ್ಪಂಕ್ತಿಯಾಗಿದೆ. ತಮ್ಮವರ ಮನೆಯಲ್ಲಿ ಕೆಲಕಾಲ ಉಳಿದು, ಬಿಡುವಾಗಿ ನೋಡುವ ಅತಿಥಿಯದು ಎರಡನೆಯದು. ಕೇಂದ್ರ ಸಾಹಿತ್ಯ ಅಕಾದೆಮಿಯ 1980ರ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಈ ಬಗೆಯದು. ಇವೆರಡಕ್ಕೂ ಸೇರದ ಮೂರನೆಯವನೊಬ್ಬನಿದ್ದಾನೆ. ಅವನು ನೌಕರ. ಗೊತ್ತಾದ ಅವಧಿಗೆ, ಗೊತ್ತಾದ ಸಂಬಳಕ್ಕೆ, ಗೊತ್ತಾದ ಕೆಲಸಕ್ಕಾಗಿ ಪರದೇಶಕ್ಕೆ ಬಂದವನು. ದೇಶವನ್ನು ನೋಡುವುದು ಅವನು ಬಂದ ಉದ್ದೇಶವಲ್ಲ. ಆದರೆ ಕೆಲಸ ಮುಗಿದ ಮೇಲಿನ ಸಂಜೆಗಳಲ್ಲಿ, ರಜೆಯ ದಿನಗಳಲ್ಲಿ ಅವನು ನೋಡುತ್ತಾನೆ. ಮತ್ತೆ ಮತ್ತೆ ಅದೇ ಬೀದಿಯಲ್ಲಿ ನಡೆಯುವುದರಿಂದ ಪ್ರವಾಸಿಗೆ ಕಾಣದ್ದು ಅವನಿಗೆ ಕಾಣುತ್ತದೆ. ಸಂಬಳ ಕೊಡುವವರ ಮನೆಯೊಳಗೇ ಇರುವುದರಿಂದ ಪ್ರವಾಸಿಗೆ ಕಾಣುವ ಕೆಲವು ಸಂಗತಿಗಳು ಅವನಿಗೆ ಕಾಣದೆಯೂ ಹೋಗುತ್ತವೆ. ಈ ಎರಡನೆಯ ಮಾತಿನತ್ತ ವಿಮರ್ಶೆ ಇನ್ನೂ ಸಾಕಷ್ಟು ಗಮನ ಹರಿಸಿಲ್ಲವೆಂಬುದು ಪ್ರಸ್ತುತ ಲೇಖನದ ಮೂಲ ತಕರಾರು.

ಈ ಬಗೆಯ ನೌಕರ ನಮ್ಮ ನಾಡಿಗೆ ಅಪರಿಚಿತನೇನಲ್ಲ. ಮುಂಬಯಿ ಸರ್ಕಾರದ ಕಂದಾಯ ಇಲಾಖೆಯ ಅಧಿಕಾರಿಯಾಗಿ ಬಂದ ಜೆ.ಎಫ್. ಫ್ಲೀಟ್ ಉತ್ತರ ಕರ್ನಾಟಕದ ಶಾಸನಗಳನ್ನು ಓದಿದ. ಅಷ್ಟೇ ಅಲ್ಲ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಸೇರಿತ್ತು. ಯಾವ ಪ್ರಭುತ್ವದಿಂದ ಫ್ಲೀಟ್ ಸಂಬಳ ಪಡೆಯುತ್ತಿದ್ದನೋ ಅದೇ ಪ್ರಭುತ್ವದ ವಿರುದ್ಧ ದಂಗೆಯೆದ್ದವನ ಹಾಡು ಅವನ ಕೈಯಿಂದಲೇ ಅಚ್ಚಾಗಿ ಉಳಿಯಿತು. ಇಂಥ ವಿರೋಧಾಭಾಸಗಳು ಆಕಸ್ಮಿಕವಲ್ಲ, ನೌಕರಿಯ ಸ್ಥಿತಿಯಲ್ಲಿಯೇ ಹುದುಗಿರುವಂಥವು. ಆದರೆ ಫ್ಲೀಟ್ ಆಳುವವರ ಪೈಕಿಯವನು. ನೌಕರನ ನೋಟವನ್ನು ಅಧಿಕಾರದ ನೋಟದಿಂದ ಬಿಡಿಸಿ ನೋಡಬೇಕಾದರೆ ವಸಾಹತುವಾಗಿರದ, ಪರದೇಶದವರನ್ನು ತಾನೇ ಕರೆಸಿ ಸಂಬಳಕ್ಕಿಟ್ಟುಕೊಂಡ ದೇಶವೊಂದರ ಉದಾಹರಣೆ ಬೇಕು. ಮೇಜಿ ಕಾಲದ ಜಪಾನ್ ಅಂಥದು. ಅಲ್ಲಿಗೆ 1890ರಲ್ಲಿ ಬಂದ ಲಫ್ಕಾಡಿಯೊ ಹರ್ನ್‌ನ ಬರಹಗಳನ್ನು, ವಿಶೇಷವಾಗಿ 1894ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದ ‘ಗ್ಲಿಂಪ್ಸಸ್ ಆಫ್ ಅನ್‌ಫೆಮಿಲಿಯರ್ ಜಪಾನ್’ ಕೃತಿಯನ್ನು, ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

1868ರ ನಂತರ ಜಪಾನಿನ ಹೊಸ ಸರ್ಕಾರವು ರೈಲು, ದೀಪಸ್ತಂಭ, ನೌಕಾಪಡೆ, ವೈದ್ಯ, ಕಾನೂನು, ಶಿಕ್ಷಣ ಮೊದಲಾದ ಕ್ಷೇತ್ರಗಳಿಗೆ ಯೂರೋಪು ಅಮೆರಿಕಗಳಿಂದ ತಜ್ಞರನ್ನು ಕರೆಸಿಕೊಂಡಿತು. ಅವರನ್ನು ಜಪಾನೀಯರು ‘ಒಯಾತೊಯ್ ಗೈಕೊಕುಜಿನ್’ ಎಂದು ಕರೆದರು. ಸಂಬಳಕ್ಕಿಟ್ಟುಕೊಂಡ ಪರದೇಶದವರು ಎಂಬುದು ಆ ಮಾತಿನ ಅರ್ಥ. ಅದರಲ್ಲಿ ಗೌರವವೂ ಇದೆ, ಎಚ್ಚರಿಕೆಯೂ ಇದೆ. ಕಲಿಸಬೇಕು, ಕಲಿಸಿದ ಮೇಲೆ ಹೋಗಬೇಕು. ಅವಧಿ ಮುಗಿದೊಡನೆ ಅವರ ಸ್ಥಾನಕ್ಕೆ, ವಿದೇಶದಲ್ಲಿ ಓದಿ ಬಂದ ಜಪಾನೀಯನೊಬ್ಬ ಬರಬೇಕೆಂಬುದು ಸರ್ಕಾರದ ಸ್ಪಷ್ಟ ಯೋಜನೆಯಾಗಿತ್ತು.

ಈ ನೌಕರಿಗೆ ಇನ್ನೊಂದು ಮುಖವಿತ್ತು. ಅಂದಿನ ಒಪ್ಪಂದಗಳ ಪ್ರಕಾರ ವಿದೇಶೀಯರು ಯೊಕೊಹಾಮಾ, ಕೋಬೆ, ನಾಗಸಾಕಿಯಂಥ ಬಂದರುಗಳಲ್ಲಿ ಮಾತ್ರ ನೆಲೆಸಬಹುದಿತ್ತು. ಅಲ್ಲಿಂದ ಹತ್ತು ‘ರಿ’, ಎಂದರೆ ಸುಮಾರು 40 ಕಿಲೋಮೀಟರಿಗಿಂತ ಆಚೆ ಹೋಗಲು ರಹದಾರಿ ಬೇಕಿತ್ತು. ಈ ಕಟ್ಟುಪಾಡು ಪೂರ್ಣವಾಗಿ ತೆರವಾದದ್ದು 1899ರಲ್ಲಿ. ಹೀಗಾಗಿ ಒಳನಾಡಿನ ಊರೊಂದರಲ್ಲಿ ಮನೆ ಮಾಡಿಕೊಂಡಿರಲು ವಿದೇಶೀಯನಿಗಿದ್ದ ಮುಖ್ಯ ದಾರಿಯೆಂದರೆ ಜಪಾನೀ ಸರ್ಕಾರದ ಅಥವಾ ಜಪಾನೀಯರ ಕೆಳಗೆ ನೌಕರಿಗೆ ಸೇರುವುದು. ದೇಶವನ್ನು ನೋಡುವ ಬಯಕೆಗೂ ಒಪ್ಪಂದದ ಕಾಗದಕ್ಕೂ ಇದ್ದ ಸಂಬಂಧ ಇಷ್ಟು ನೇರವಾದದ್ದು. ಇದನ್ನು ಮರೆತು ಹರ್ನ್‌ನನ್ನು ಕೇವಲ ಕನಸುಗಾರ ಅಲೆಮಾರಿಯೆಂದು ಓದುವುದು ರೂಢಿಯಾಗಿಬಿಟ್ಟಿದೆ.

ಹಾಗೆ ಬಂದವರಲ್ಲಿ ಹಲವರು ತಮ್ಮ ಕೆಲಸಕ್ಕೆ ಸಂಬಂಧಿಸದ ಶೋಧಗಳಿಗೇ ಪ್ರಸಿದ್ಧರಾದರು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ 1877ರಲ್ಲಿ ಬಂದದ್ದು ಕಡಲಜೀವಿಗಳ ಅಧ್ಯಯನಕ್ಕೆ. ಯೊಕೊಹಾಮಾದಿಂದ ಟೋಕಿಯೊಗೆ ಹೋಗುವ ರೈಲಿನ ಕಿಟಕಿಯಿಂದ ಒಮೊರಿ ಎಂಬಲ್ಲಿ ಚಿಪ್ಪುಗಳ ಪ್ರಾಚೀನ ದಿಬ್ಬವನ್ನು ಅವನು ಗುರುತಿಸಿದ. ಜಪಾನಿನ ಪುರಾತತ್ವ ಶಾಸ್ತ್ರಕ್ಕೆ ಅದರ ಉತ್ಖನನವೇ ನಾಂದಿಯಾಯಿತು. ಮುಂದೆ ಅವನು ಜಪಾನೀ ಮನೆಗಳ ಕಟ್ಟೋಣವನ್ನು ಕುರಿತು, ಮಡಕೆಗಳನ್ನು ಕುರಿತು ಕೆಲಸ ಮಾಡಿದ. ತತ್ವಶಾಸ್ತ್ರ ಕಲಿಸಲು 1878ರಲ್ಲಿ ಬಂದ ಅರ್ನೆಸ್ಟ್ ಫೆನೊಲೊಸಾ ಚಿತ್ರಕಲೆಯ ಬೆನ್ನುಹತ್ತಿದ. ನೌಕರಿ ಒಂದು, ಬದುಕಿನ ಕೆಲಸ ಇನ್ನೊಂದು ಎಂಬ ಈ ವಿಭಜನೆ ಆ ತಲೆಮಾರಿನ ಲಕ್ಷಣ. ಹರ್ನ್‌ನಲ್ಲಿ ಅದು ಇಷ್ಟು ಸರಳವಾಗಿಲ್ಲ. ಅವನ ಮಟ್ಟಿಗೆ ನೌಕರಿಯ ಸ್ಥಳವಾದ ಶಾಲೆಯೇ ಬರಹದ ವಸ್ತುವಾಯಿತು.

ಹರ್ನ್ 1850ರಲ್ಲಿ ಗ್ರೀಸಿನ ಲೆಫ್ಕಾಡ ದ್ವೀಪದಲ್ಲಿ ಹುಟ್ಟಿದವನು. ತಂದೆ ಐರಿಷ್, ಸೇನೆಯ ವೈದ್ಯ, ತಾಯಿ ಗ್ರೀಕ್. ಹುಡುಗನಾಗಿದ್ದಾಗಲೇ ಎಡಗಣ್ಣು ಹೋಯಿತು, ಉಳಿದ ಕಣ್ಣಿಗೂ ದೃಷ್ಟಿ ಮಂದ. ಸಿನ್ಸಿನಾಟಿ ಮತ್ತು ನ್ಯೂ ಆರ್ಲಿಯನ್ಸ್‌ಗಳಲ್ಲಿ ಪತ್ರಕರ್ತನಾಗಿದ್ದು, ಮಾರ್ಟಿನಿಕ್ ದ್ವೀಪದಲ್ಲಿ ಎರಡು ವರ್ಷ ಕಳೆದು, 1890ರ ಏಪ್ರಿಲ್‌ನಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಬರೆಯಲೆಂದು ಯೊಕೊಹಾಮಾಕ್ಕೆ ಬಂದ. ಬಂದ ಕೆಲವೇ ದಿನಗಳಲ್ಲಿ ಆ ಸಂಬಂಧವನ್ನು ಕಡಿದುಕೊಂಡ. ಟೋಕಿಯೊದಲ್ಲಿ ಪ್ರಾಧ್ಯಾಪಕನಾಗಿದ್ದ ಬೇಸಿಲ್ ಹಾಲ್ ಚೇಂಬರ್‌ಲಿನ್‌ನ ನೆರವಿನಿಂದ, ಜಪಾನ್ ಸಮುದ್ರದ ಕಡೆಯ ಇಜುಮೊ ಪ್ರಾಂತದ ಮಾತ್ಸುಯೆ ಪಟ್ಟಣದಲ್ಲಿ ಇಂಗ್ಲಿಷ್ ಉಪಾಧ್ಯಾಯನ ಕೆಲಸ ಸಿಕ್ಕಿತು. ತಿಂಗಳಿಗೆ 100 ಯೆನ್ ಸಂಬಳ. ಒಂದು ವರ್ಷದ ಅವಧಿ. ಆಗಸ್ಟ್ ಕೊನೆಯಲ್ಲಿ ಅಲ್ಲಿಗೆ ತಲುಪಿದ ಹರ್ನ್ 1891ರ ನವೆಂಬರ್‌ನಲ್ಲಿ, ಹೆಚ್ಚು ಸಂಬಳದ ಕುಮಾಮೊತೊ ಕಾಲೇಜಿಗೆ ಹೊರಟುಹೋದ. ಒಟ್ಟು ಹದಿನೈದು ತಿಂಗಳಿಗಿಂತ ತುಸು ಕಡಿಮೆ. ಇಪ್ಪತ್ತೇಳು ಅಧ್ಯಾಯಗಳ ಆ ಕೃತಿಯ ಬಹುಭಾಗ ಈ ಅಲ್ಪಾವಧಿಯ ಫಲ.

ಕೃತಿಯನ್ನು ಭೂಪಟದೊಂದಿಗೆ ಇರಿಸಿಕೊಂಡು ಓದಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕಿಜುಕಿಯ ಮಹಾದೇವಾಲಯ, ಮಿಹೊನೊಸೆಕಿ ಬಂದರು, ಕಾಕಾದ ಕಡಲಗವಿ, ಹಿನೊಮಿಸಾಕಿ: ಇವೆಲ್ಲ ಮಾತ್ಸುಯೆಯಿಂದ ವಾರಾಂತ್ಯದಲ್ಲೋ ಬೇಸಿಗೆಯ ರಜೆಯಲ್ಲೋ ಹೋಗಿಬರಬಹುದಾದ ಸ್ಥಳಗಳು. ಓಕಿ ದ್ವೀಪಗಳ ಸುತ್ತಾಟ ನಡೆದದ್ದು ಕುಮಾಮೊತೊದಲ್ಲಿದ್ದಾಗ, 1892ರ ಬೇಸಿಗೆ ರಜೆಯಲ್ಲಿ. ಎಂದರೆ, ಈ ಕೃತಿಯ ಭೂಗೋಳವನ್ನು ನಿರ್ಧರಿಸಿದ್ದು ಲೇಖಕನ ಕುತೂಹಲ ಮಾತ್ರವಲ್ಲ, ಶಾಲೆಯ ವೇಳಾಪಟ್ಟಿಯೂ ಹೌದು. ಇದು ಕೃತಿಯ ಮಿತಿಯಲ್ಲ. ದೂರ ಹೋಗಲಾರದವನು ಹತ್ತಿರದ್ದನ್ನು ಆಳವಾಗಿ ನೋಡಿದ್ದಾನೆ. ಮಿಹೊನೊಸೆಕಿಯ ದೇವರಿಗೆ ಕೋಳಿ ಆಗದು, ಆದ್ದರಿಂದ ಆ ಊರಿಗೆ ಮೊಟ್ಟೆ ಒಯ್ಯಬಾರದು ಎಂಬಂಥ ಸಣ್ಣ ನಂಬಿಕೆಯೊಂದರ ಸುತ್ತ ಅವನು ಇಡೀ ಊರಿನ ಬದುಕನ್ನು ಕಟ್ಟಿಕೊಡುತ್ತಾನೆ. ನಮ್ಮ ಗ್ರಾಮದೇವತೆಗಳ ನೇಮನಿಷ್ಠೆಗಳನ್ನು ಬಲ್ಲ ಓದುಗರಿಗೆ ಈ ಪುಟಗಳು ಪರಕೀಯವೆನ್ನಿಸವು.

ಮಾತ್ಸುಯೆ ಪಟ್ಟಣವನ್ನು ಕುರಿತ ಅಧ್ಯಾಯದ ಆರಂಭ ಈ ಕೃತಿಯ ಅತ್ಯುತ್ತಮ ಭಾಗ. ಅಲ್ಲಿ ನೋಟವಿಲ್ಲ, ಸದ್ದಿದೆ. ನಸುಕಿನಲ್ಲಿ ಮೊದಲು ಕೇಳುವುದು ಅಕ್ಕಿ ಕುಟ್ಟುವ ಭಾರವಾದ ಪೆಟ್ಟು. ಅದು ಕಿವಿಗಿಂತ ಮೊದಲು ಮೈಗೆ ತಾಕುತ್ತದೆ. ಆಮೇಲೆ ದೇವಾಲಯದ ಗಂಟೆ, ತರಕಾರಿ ಮಾರುವವರ ಕೂಗು, ಉದಯಸೂರ್ಯನಿಗೆ ಕೈಮುಗಿಯುವವರ ಚಪ್ಪಾಳೆ, ಸೇತುವೆಯ ಹಲಗೆಗಳ ಮೇಲೆ ನೂರಾರು ಮರದ ಪಾದರಕ್ಷೆಗಳ ಟಕಟಕ. ಕಣ್ಣು ಸಾಲದವನು ಕಿವಿಯಿಂದ ಊರನ್ನು ಕಂಡ ಎಂದು ಜೀವನಚರಿತ್ರೆಯಿಂದ ವಿವರಿಸಿಬಿಡಬಹುದು. ವಿಮರ್ಶಕರು ಹಾಗೆ ಮಾಡಿಯೂ ಇದ್ದಾರೆ. ಆದರೆ ಸದ್ದುಗಳ ಈ ಅನುಕ್ರಮವನ್ನು ಒಂದು ಮುಂಜಾನೆ ಕೇಳಿ ಬರೆಯಲಾಗದು. ಪ್ರತಿದಿನ ಅದೇ ಹೊತ್ತಿಗೆ ಎದ್ದು, ಕೆಲಸಕ್ಕೆ ಹೊರಡಬೇಕಾದವನು ಮಾತ್ರ ಯಾವ ಸದ್ದಿನ ನಂತರ ಯಾವುದು ಬರುತ್ತದೆಂದು ಬಲ್ಲ. ಇಲ್ಲಿ ನೌಕರಿಯ ನಿತ್ಯಕ್ರಮವೇ ಕಥನದ ಕ್ರಮವಾಗಿದೆ.

ಇಷ್ಟನ್ನು ಒಪ್ಪಿದ ಮೇಲೆ, ಅದೇ ಕೃತಿಯ ಎರಡನೆಯ ಸಂಪುಟದಲ್ಲಿರುವ ಇಂಗ್ಲಿಷ್ ಉಪಾಧ್ಯಾಯನ ದಿನಚರಿಯ ಅಧ್ಯಾಯಕ್ಕೆ ಬರಬೇಕು. ಒಪ್ಪಂದದ ಉಲ್ಲೇಖದಿಂದಲೇ ಅದು ಆರಂಭವಾಗುತ್ತದೆ. ಶಾಲೆಯ ಕೊಠಡಿಗಳು, ವಿದ್ಯಾರ್ಥಿಗಳ ಪ್ರಬಂಧಗಳು, ಸಹೋದ್ಯೋಗಿ ನಿಶಿದಾ ಸೆಂತಾರೊನ ಸ್ನೇಹ, ಶಿಕ್ಷಕರ ತರಬೇತಿ ಶಾಲೆಯ ಸೈನಿಕ ಮಾದರಿಯ ಶಿಸ್ತು, ಇಬ್ಬರು ವಿದ್ಯಾರ್ಥಿಗಳ ಅಕಾಲ ಮರಣ ಇವೆಲ್ಲ ಅಲ್ಲಿವೆ. ಜಪಾನೀ ಹುಡುಗರನ್ನು ವ್ಯಕ್ತಿಗಳಾಗಿ, ಹೆಸರು ಹಿಡಿದು, ಅವರವರ ಸ್ವಭಾವದೊಡನೆ ಕಂಡ ಪಾಶ್ಚಾತ್ಯ ಬರಹ ಆ ಕಾಲದಲ್ಲಿ ವಿರಳ. ಇದನ್ನು ಹೇಳದೆ ಮುಂದಿನ ಮಾತು ಹೇಳುವುದು ನ್ಯಾಯವಲ್ಲ.

1890ರ ನವೆಂಬರ್ 3, ಚಕ್ರವರ್ತಿಯ ಹುಟ್ಟುಹಬ್ಬ. ಶಾಲೆಯ ಸಭಾಂಗಣದಲ್ಲಿ ಚಕ್ರವರ್ತಿ ದಂಪತಿಗಳ ಚಿತ್ರಗಳನ್ನು ಚಿನ್ನದ ಚೌಕಟ್ಟಿನಲ್ಲಿ ಇರಿಸಲಾಗಿದೆ. ಪ್ರಾಂತಾಧಿಕಾರಿ ಫ್ರೆಂಚ್ ಸೇನಾಧಿಪತಿಯಂತೆ ಕಾಣುವ ಜರಿಯ ಸಮವಸ್ತ್ರದಲ್ಲಿ ಬರುತ್ತಾನೆ. ಆರ್ಗನ್ ವಾದ್ಯದಲ್ಲಿ ರಾಷ್ಟ್ರಗೀತೆ ಮೊಳಗುತ್ತದೆ. ಅಧಿಕಾರಿಗಳು, ಅಧ್ಯಾಪಕರು, ವಿದ್ಯಾರ್ಥಿಗಳು ಚಿತ್ರಗಳ ಮುಂದೆ ಬಾಗುತ್ತಾರೆ. ಹರ್ನ್ ಕೂಡ ಬಾಗುತ್ತಾನೆ. ಅವನ ಗದ್ಯ ಇಲ್ಲಿ ಗಂಭೀರವಾಗುತ್ತದೆ. ಪುರಾತನವಾದ, ಪವಿತ್ರವಾದ ಏನೋ ಒಂದರ ಸನ್ನಿಧಿಯಲ್ಲಿ ತಾನಿರುವೆನೆಂಬ ಭಾವ ಅದರಲ್ಲಿ ವ್ಯಕ್ತವಾಗುತ್ತದೆ.

ಈ ದೃಶ್ಯದಲ್ಲಿ ಪುರಾತನವಾದದ್ದು ಎಷ್ಟು? ಆ ಕಾಲದಲ್ಲಿ ಶಾಲೆಗಳಿಗೆ ಹಂಚಲಾಗುತ್ತಿದ್ದ ಚಕ್ರವರ್ತಿಯ ಚಿತ್ರ 1888ರಲ್ಲಿ ರಚಿತವಾದದ್ದು. ಅದನ್ನು ಬರೆದವನು ಎಡೊಆರ್ಡೊ ಕಿಯೊಸ್ಸೊನೆ. ನೋಟು ಮುದ್ರಣದ ಕೆಲಸಕ್ಕೆಂದು 1875ರಲ್ಲಿ ಕರೆಸಿಕೊಳ್ಳಲಾದ ಇಟಲಿಯ ಕೆತ್ತನೆಗಾರ. ರಾಷ್ಟ್ರಗೀತೆಯ ಪದಗಳು ಸಾವಿರ ವರ್ಷ ಹಳೆಯವು, ಆದರೆ ರಾಗ 1880ರದು. ಅದಕ್ಕೆ ಪಾಶ್ಚಾತ್ಯ ಸ್ವರಮೇಳವನ್ನು ಹೊಂದಿಸಿದವನು ನೌಕಾಪಡೆಯ ವಾದ್ಯಮೇಳ ಕಲಿಸಲು ಬಂದಿದ್ದ ಜರ್ಮನಿಯ ಫ್ರಾಂಜ್ ಎಕೆರ್ಟ್. ಶಾಲಾ ವ್ಯವಸ್ಥೆಗೆ 1870ರ ದಶಕದಲ್ಲಿ ಸಲಹೆಗಾರನಾಗಿದ್ದವನು ಅಮೆರಿಕದ ಡೇವಿಡ್ ಮರ್ರೆ. ಇವರೆಲ್ಲ ಹರ್ನ್‌ನಂತೆಯೇ ಸಂಬಳಕ್ಕೆ ಬಂದ ಪರದೇಶದವರು. ಮಾತ್ಸುಯೆಯ ಆ ಸಭಾಂಗಣದಲ್ಲಿ ಒಬ್ಬ ‘ಯಾತೊಯ್’ ಬರೆದ ಚಿತ್ರದ ಮುಂದೆ, ಇನ್ನೊಬ್ಬ ‘ಯಾತೊಯ್’ ಸ್ವರಮೇಳ ಕೂಡಿಸಿದ ಗೀತೆಯನ್ನು ಕೇಳುತ್ತ, ಮೂರನೆಯ ‘ಯಾತೊಯ್’ ಒಬ್ಬನು ಜಪಾನಿನ ಪ್ರಾಚೀನ ಆತ್ಮವನ್ನು ಕಾಣುತ್ತಿದ್ದಾನೆ! ಈ ವ್ಯಂಗ್ಯವನ್ನು ಹರ್ನ್ ಎಲ್ಲಿಯೂ ಗುರುತಿಸುವುದಿಲ್ಲ. ಗುರುತಿಸುವ ಸಾಮಗ್ರಿ ಅವನ ಕಣ್ಣೆದುರೇ ಇತ್ತು. ಪ್ರಾಂತಾಧಿಕಾರಿಯ ಸಮವಸ್ತ್ರದ ಫ್ರೆಂಚ್ ಹೋಲಿಕೆಯನ್ನು ಗಮನಿಸಿದವನೂ ಅವನೇ ಅಲ್ಲವೇ.

ಕೇವಲ ನಾಲ್ಕು ದಿನ ಮುಂಚೆ, ಅಕ್ಟೋಬರ್ 30ರಂದು, ಚಕ್ರವರ್ತಿಯ ಶಿಕ್ಷಣ ಶಾಸನ ಹೊರಬಿದ್ದಿತ್ತು. ನಿಷ್ಠೆ ಮತ್ತು ಪಿತೃಭಕ್ತಿಗಳನ್ನು ಶಿಕ್ಷಣದ ಬುನಾದಿಯೆಂದು ಸಾರಿದ, ಆಪತ್ಕಾಲದಲ್ಲಿ ರಾಜ್ಯಕ್ಕಾಗಿ ತಮ್ಮನ್ನು ಅರ್ಪಿಸಿಕೊಳ್ಳಬೇಕೆಂದು ಪ್ರಜೆಗಳನ್ನು ಆಜ್ಞಾಪಿಸಿದ ಈ ಶಾಸನ ಮುಂದಿನ ಅರ್ಧಶತಮಾನ ಜಪಾನೀ ಮಕ್ಕಳ ಮನಸ್ಸನ್ನು ರೂಪಿಸಿತು. 1891ರ ಜನವರಿ 9ರಂದು ಟೋಕಿಯೊದ ಮೊದಲನೆಯ ಉನ್ನತ ಮಾಧ್ಯಮಿಕ ಶಾಲೆಯಲ್ಲಿ ಆ ಶಾಸನದ ಪ್ರತಿಗೆ ಸಾಕಷ್ಟು ಬಾಗಲಿಲ್ಲವೆಂಬ ಕಾರಣಕ್ಕೆ ಉಚಿಮುರಾ ಕಾಂಜೊ ಎಂಬ ಕ್ರೈಸ್ತ ಅಧ್ಯಾಪಕ ದೇಶದ್ರೋಹಿಯೆನಿಸಿಕೊಂಡು ಕೆಲಸ ಕಳೆದುಕೊಂಡ. ಹರ್ನ್ ಹೇಳುವ ಸಂಭಾಷಣೆಯೊಂದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಒಬ್ಬ ವಿದ್ಯಾರ್ಥಿ ಬಂದು, ನೀವು ನಮ್ಮ ಚಕ್ರವರ್ತಿಯ ಚಿತ್ರಕ್ಕೆ ಬಾಗಿದಿರಿ, ಹಿಂದೆ ಇದ್ದ ಪಾದ್ರಿ ಅಧ್ಯಾಪಕರು ಹಾಗೆ ಬಾಗುವವರು ಅನಾಗರಿಕರೆಂದಿದ್ದರು ಎನ್ನುತ್ತಾನೆ. ಹರ್ನ್ ಕೊಡುವ ಉತ್ತರ ಪಾದ್ರಿಯ ಸಣ್ಣತನಕ್ಕೆ ತಕ್ಕ ಪ್ರತಿವಾದ. ಆದರೆ ಅಲ್ಲಿಗೇ ನಿಲ್ಲದೆ, ಚಕ್ರವರ್ತಿಯನ್ನು ಗೌರವಿಸುವುದು, ಅವನ ಕಾನೂನಿಗೆ ವಿಧೇಯನಾಗುವುದು, ಬೇಕೆಂದಾಗ ದೇಶಕ್ಕಾಗಿ ರಕ್ತ ಕೊಡಲು ಸಿದ್ಧನಾಗಿರುವುದು ನಿನ್ನ ಅತ್ಯುನ್ನತ ಸಾಮಾಜಿಕ ಕರ್ತವ್ಯವೆಂದು ಅವನು ಹುಡುಗನಿಗೆ ಬೋಧಿಸುತ್ತಾನೆ. ಪರರ ಸಂಸ್ಕೃತಿಗೆ ತೋರುವ ಗೌರವ ಯಾವ ಬಿಂದುವಿನಲ್ಲಿ ಪ್ರಭುತ್ವದ ಭಾಷೆಯಾಗಿ ಮಾರ್ಪಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ದೊರೆಯಲಾರದು. ಪೂರ್ವಜರ ದೇವರುಗಳನ್ನು ಅವಮಾನಿಸಿದ ಪಾದ್ರಿಯನ್ನು ವಿರೋಧಿಸುವ ಭರದಲ್ಲಿ, ಶಿಕ್ಷಣ ಇಲಾಖೆಯ ಹೊಸ ಪಾಠವನ್ನೇ ಅವನು ಪೂರ್ವಜರ ಪಾಠವೆಂದು ತಿಳಿದ.

ಇದರ ಮುಂದಿನ ಭಾಗ ಇನ್ನೊಂದು ಪುಸ್ತಕದಲ್ಲಿದೆ. 1895ರ ‘ಔಟ್ ಆಫ್ ದಿ ಈಸ್ಟ್’ ಸಂಕಲನದಲ್ಲಿ ಅಸಾಕಿಚಿ ಎಂಬ ಹಳೆಯ ವಿದ್ಯಾರ್ಥಿಯೊಬ್ಬ ಸೈನಿಕನ ಉಡುಪಿನಲ್ಲಿ ಕುಮಾಮೊತೊದ ಮನೆಗೆ ಬರುತ್ತಾನೆ. ಚೀನಾದೊಡನೆ ಯುದ್ಧ ಆರಂಭವಾಗಿದೆ. ಅವನ ದಳ ಕೊರಿಯಾಕ್ಕೆ ಹೊರಟಿದೆ. ದೇಶಕ್ಕಾಗಿ ಸಾಯುವುದೇ ತನ್ನ ಬಯಕೆಯೆಂದು ಅವನು ಹೇಳುತ್ತಾನೆ. ಗುರುಶಿಷ್ಯರು ಸತ್ತವರನ್ನು ಕುರಿತು, ಪಿತೃಗಳ ಸಾನ್ನಿಧ್ಯವನ್ನು ಕುರಿತು ದೀರ್ಘವಾಗಿ ಮಾತಾಡುತ್ತಾರೆ. ಕೊನೆಗೆ ಅವನು ಸತ್ತ ಸುದ್ದಿ ಬರುತ್ತದೆ, ಅವನ ಭಾವಚಿತ್ರದ ಮುಂದೆ ಎಡೆ ಇಡಲಾಗುತ್ತದೆ. ಬಯಕೆ ಈಡೇರಿತೆಂಬುದೇ ಆ ಬರಹದ ಶೀರ್ಷಿಕೆ. ಬರಹ ಸುಂದರವಾಗಿದೆ, ನಮ್ಮನ್ನು ಕಾಡಬೇಕಾದದ್ದೂ ಅದೇ. 1890ರ ತರಗತಿಯ ಮಾತಿಗೂ 1894ರ ಈ ಸಾವಿಗೂ ನಡುವೆ ತಾನು ನಿಂತಿರಬಹುದೆಂಬ ಸಂಶಯದ ಒಂದು ಎಳೆಯೂ ಹರ್ನ್‌ನ ಗದ್ಯದಲ್ಲಿ ಸುಳಿಯುವುದಿಲ್ಲ.

ಚೇಂಬರ್‌ಲಿನ್ ಇದನ್ನು ಬೇರೆ ರೀತಿಯಲ್ಲಿ ಕಂಡ. ಅವನೂ ಸಂಬಳದ ನೌಕರನೇ. ನೌಕಾ ಶಾಲೆಯಲ್ಲಿ, ಆಮೇಲೆ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಕಲಿಸಿದವನು. ಆದರೆ ಜಪಾನೀ ಭಾಷೆಯನ್ನು ವಿದ್ವಾಂಸನಾಗಿ ಬಲ್ಲವನು. 1912ರಲ್ಲಿ ಪ್ರಕಟವಾದ ಕಿರುಹೊತ್ತಿಗೆಯೊಂದರಲ್ಲಿ, ಚಕ್ರವರ್ತಿಪೂಜೆ ಮತ್ತು ಬುಶಿದೊ ಎನ್ನಿಸಿಕೊಂಡ ಕ್ಷಾತ್ರಧರ್ಮ ಎರಡೂ ಅಧಿಕಾರಿವರ್ಗವು ಇತ್ತೀಚೆಗೆ ಕಟ್ಟಿದ ಹೊಸ ಮತವೆಂದು ಅವನು ವಾದಿಸಿದ. ಆ ವೇಳೆಗೆ ಅವನು ಜಪಾನನ್ನು ಬಿಟ್ಟು ಜಿನೀವಾದಲ್ಲಿ ನೆಲೆಸಿದ್ದನೆಂಬುದನ್ನೂ ಗಮನಿಸಬೇಕು. ಒಪ್ಪಂದದ ಅವಧಿಯೊಳಗೆ ಬರೆದದ್ದಕ್ಕೂ ಅವಧಿ ಮುಗಿದ ಮೇಲೆ ಬರೆದದ್ದಕ್ಕೂ ಇರುವ ಅಂತರ ಇಲ್ಲಿ ಗಣನೀಯ. ಹರ್ನ್‌ನೂ ತನ್ನ ಕೊನೆಯ ವರ್ಷಗಳಲ್ಲಿ, 1904ರಲ್ಲಿ ಮರಣಾನಂತರ ಪ್ರಕಟವಾದ ಜಪಾನ್ ಕುರಿತ ವ್ಯಾಖ್ಯಾನ ಗ್ರಂಥದಲ್ಲಿ, ಸಮುದಾಯವು ವ್ಯಕ್ತಿಯ ಮೇಲೆ ಹೇರುವ ಒತ್ತಡವನ್ನು ಹೆಚ್ಚು ಎಚ್ಚರದಿಂದ ಕಂಡಿದ್ದಾನೆ. ಆ ಎಚ್ಚರ ಮಾತ್ಸುಯೆಯ ಪುಟಗಳಲ್ಲಿ ಇಲ್ಲ.

ಇಷ್ಟರಿಂದ ಹರ್ನ್‌ನನ್ನು ಪೌರ್ವಾತ್ಯವಾದದ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳಬಹುದೆ? ಎಡ್ವರ್ಡ್ ಸೈದ್‌ನ 1978ರ ಗ್ರಂಥದ ನಂತರ ನಮ್ಮಲ್ಲಿಯೂ ಇಂಥ ತೀರ್ಮಾನಗಳು ಸುಲಭವಾಗಿವೆ. ಆದರೆ ಸೈದ್‌ನ ವಾದಕ್ಕೆ ಆಧಾರ ಆಳುವವನು ಆಳಿಸಿಕೊಳ್ಳುವವನನ್ನು ಕುರಿತು ಕಟ್ಟುವ ಜ್ಞಾನ. ಮಾತ್ಸುಯೆಯಲ್ಲಿ ಅಧಿಕಾರದ ಸಂಬಂಧ ತಿರುಗುಮುರುಗಾಗಿದೆ. ಸಂಬಳ ಕೊಡುವವನು ಪೂರ್ವದವನು, ಕೈಚಾಚುವವನು ಪಶ್ಚಿಮದವನು. ಹರ್ನ್‌ನ ಕುರುಡು ಯಜಮಾನನ ಕುರುಡಲ್ಲ, ಉಪಕೃತನ ಕುರುಡು. ಊರವರು ಅವನನ್ನು ಆದರಿಸಿದರು. ಕಿಜುಕಿಯ ದೇವಾಲಯದ ಒಳಾವರಣಕ್ಕೆ ಮೊದಲ ಬಾರಿಗೆ ಪಾಶ್ಚಾತ್ಯನೊಬ್ಬನಿಗೆ ಪ್ರವೇಶ ಕೊಟ್ಟರು. ಆ ಆದರ ಅವನ ಕಣ್ಣಿಗೆ ಕಟ್ಟಿದ ಪಟ್ಟಿಯೂ ಆಯಿತು. ಈ ಎರಡು ಬಗೆಯ ಕುರುಡನ್ನು ಒಂದೇ ಪದದಿಂದ ಕರೆಯುವುದು ವಿಮರ್ಶೆಯ ಸೋಮಾರಿತನ.

ಇದಕ್ಕೆ ಪ್ರತಿಯಾಗಿ, ಹೆಚ್ಚು ಕಾಲ ಇದ್ದವನು ಹೆಚ್ಚು ಸತ್ಯವನ್ನು ಕಾಣುತ್ತಾನೆಂಬ ನಂಬಿಕೆಯೂ ನಿಲ್ಲದು. ಇಂಗ್ಲೆಂಡಿನ ಇಸಬೆಲ್ಲಾ ಬರ್ಡ್ 1878ರಲ್ಲಿ ವಿಶೇಷ ರಹದಾರಿ ಪಡೆದು, ಒಬ್ಬ ದುಭಾಷಿಯೊಡನೆ ಉತ್ತರ ಜಪಾನಿನಲ್ಲಿ ಕೆಲವು ತಿಂಗಳು ಸುತ್ತಿದಳು. ಯಾವ ಊರಿನಲ್ಲಿಯೂ ನಿಲ್ಲಲಿಲ್ಲ, ಯಾರ ಋಣವೂ ಅವಳ ಮೇಲೆ ಇರಲಿಲ್ಲ. ಅವಳ ಕೃತಿಯಲ್ಲಿ ಹಳ್ಳಿಗಳ ಬಡತನ, ಮಕ್ಕಳ ಚರ್ಮರೋಗ, ಚಿಗಟ, ಹೊಗೆಗಣ್ಣು ಎಲ್ಲವೂ ಇವೆ. ಹರ್ನ್‌ನ ಇಜುಮೊದಲ್ಲಿ ಇವುಗಳಿಗೆ ಹೆಚ್ಚು ಎಡೆಯಿಲ್ಲ. ಹಾದುಹೋಗುವವಳಿಗೆ ಕಂಡದ್ದು ಉಳಿದವನಿಗೆ ಕಾಣಲಿಲ್ಲ. ಬರ್ಡ್‌ಗೆ ಕಾಣದ್ದು, ಬಡವನ ಮನೆಯ ಒಳಗಿನ ನಗು, ಹರ್ನ್‌ಗೆ ಕಂಡಿತು ಎಂಬುದೂ ನಿಜ.

ಹರ್ನ್‌ನಲ್ಲಿಯೇ ಇದಕ್ಕೆ ಒಂದು ಅಪವಾದವಿದೆ. 1891ರ ವಸಂತದಲ್ಲಿ ಅವನು ಮಾತ್ಸುಯೆಯ ಅಂಚಿನ ‘ಯಾಮಾನೊಮೊನೊ’ ಎಂಬ ಬಹಿಷ್ಕೃತರ ಕೇರಿಗೆ ಹೋದ. ಮರ್ಯಾದಸ್ಥರು ಕಾಲಿಡದ ಆ ಕೇರಿಯಲ್ಲಿ ಶುಚಿಯಾದ ಮನೆಗಳನ್ನೂ ಚೆಲುವಾದ ತೋಟಗಳನ್ನೂ ಕಂಡ. ಅಲ್ಲಿಯ ಹೆಂಗಸರು ಹಾಡುವ ‘ದಾಯ್ಕೊಕು-ಮಾಯ್’ ಎಂಬ ಕಥನಗೀತೆಗಳನ್ನು ಕೇಳಿ, ಸಂಗ್ರಹಿಸಿ, ಭಾಷಾಂತರಿಸಿ, ಮುಂದೆ 1896ರ ‘ಕೊಕೊರೊ’ ಕೃತಿಯ ಅನುಬಂಧದಲ್ಲಿ ಪ್ರಕಟಿಸಿದ. ವಿದೇಶೀ ಉಪಾಧ್ಯಾಯನಿಗೆ ಊರಿನ ಜಾತಿಕಟ್ಟು ಇಲ್ಲ, ಆದ್ದರಿಂದ ಯಾವ ಕೇರಿಗಾದರೂ ಹೋಗಬಲ್ಲ. ಸರ್ಕಾರಿ ಉಪಾಧ್ಯಾಯನೆಂಬ ಗೌರವವಿದೆ, ಆದ್ದರಿಂದ ಹೋದರೂ ಮರ್ಯಾದೆ ಕಳೆದುಕೊಳ್ಳುವುದಿಲ್ಲ. ಫ್ಲೀಟ್ ಮತ್ತು ರಾಯಣ್ಣನ ಲಾವಣಿಯ ಪ್ರಸಂಗಕ್ಕೆ ಹತ್ತಿರದ ಸನ್ನಿವೇಶವಿದು. ಹರ್ನ್‌ನ ನೌಕರಿ ಅವನಿಗೆ ಕೊಟ್ಟ ಅತ್ಯಂತ ಬೆಲೆಯುಳ್ಳ ಸ್ವಾತಂತ್ರ್ಯ ಇದೇ ಎಂದು ನಮಗೆ ತೋರುತ್ತದೆ. ಈ ದಿಕ್ಕಿನಲ್ಲಿ ಅವನು ಮತ್ತೆ ಹೆಚ್ಚು ದೂರ ಹೋಗದಿದ್ದದ್ದು ವಿಷಾದದ ಸಂಗತಿ.

ಭಾಷೆಯ ಪ್ರಶ್ನೆಯನ್ನು ಬಿಟ್ಟು ಈ ವಿಷಯ ಪೂರ್ಣವಾಗದು. ಹದಿನಾಲ್ಕು ವರ್ಷ ಜಪಾನಿನಲ್ಲಿದ್ದರೂ ಹರ್ನ್ ಜಪಾನೀ ಗ್ರಂಥಗಳನ್ನು ತಾನೇ ಓದುವಷ್ಟು ಕಲಿಯಲಿಲ್ಲ. 1891ರ ಚಳಿಗಾಲದಲ್ಲಿ, ಸ್ಥಿತಿ ಇಳಿದ ಸಾಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವನ ಮನೆಗೆ ಬಂದಳು. ಮುಂದೆ ಅವನ ಹೆಂಡತಿಯಾದಳು. ಅವರಿಬ್ಬರ ನಡುವೆ ವಿಭಕ್ತಿ ಪ್ರತ್ಯಯಗಳ ಗೊಡವೆಯಿಲ್ಲದ, ಕ್ರಿಯಾಪದಗಳು ಬಾಗದ ಒಂದು ಮನೆಮಾತು ಬೆಳೆಯಿತು. ಅದನ್ನು ‘ಹೆರುನ್ ಸಾನ್ ಕೊತೊಬಾ’, ಎಂದರೆ ಹರ್ನ್ ಅವರ ಮಾತು, ಎಂದು ಕರೆಯುತ್ತಾರೆ. ಸೆತ್ಸು ಹಳೆಯ ಪುಸ್ತಕದ ಅಂಗಡಿಗಳಿಂದ ಕಥೆಗಳನ್ನು ಹುಡುಕಿ ತಂದು ಓದಿಕೊಂಡು, ರಾತ್ರಿ ದೀಪವನ್ನು ಸಣ್ಣ ಮಾಡಿ ಹೇಳುತ್ತಿದ್ದಳು. ಪುಸ್ತಕ ನೋಡಿ ಓದಬಾರದು, ನಿನ್ನ ಮಾತಿನಲ್ಲಿ, ನಿನ್ನ ಮನಸ್ಸಿನಿಂದ ಹೇಳಬೇಕು ಎಂದು ಅವನು ಹಟ ಮಾಡುತ್ತಿದ್ದನೆಂದು ಆಕೆ ತನ್ನ ನೆನಪುಗಳಲ್ಲಿ ಹೇಳಿದ್ದಾಳೆ. 1904ರ ‘ಕ್ವೈದಾನ್’ ಸಂಕಲನದ ಭೂತಪ್ರೇತಗಳ ಕಥೆಗಳು ಹೀಗೆ ಬಂದವು. ಅವು ಹರ್ನ್‌ನ ಹೆಸರಿನಲ್ಲಿ ಲೋಕಪ್ರಸಿದ್ಧವಾದವು. 1964ರಲ್ಲಿ ಕೊಬಾಯಾಶಿ ಮಸಾಕಿ ಅವುಗಳಿಂದ ಚಲನಚಿತ್ರ ಮಾಡಿದ. ಅಜ್ಜಿಯ ಬಾಯಿಂದ ಕೇಳಿದ ಕಥೆಗೆ ಸಂಗ್ರಾಹಕನ ಹೆಸರು ಮಾತ್ರ ಅಚ್ಚಾಗುವ ಸಮಸ್ಯೆ ನಮ್ಮ ಜಾನಪದ ವಿದ್ವಾಂಸರಿಗೆ ಹೊಸದಲ್ಲ. ಪರದೇಶದ ನೌಕರನ ಶೋಧವೆಂದು ನಾವು ಕರೆಯುವುದರ ಹಿಂದೆ ಬಹುಪಾಲು ಹೀಗೆ ಹೆಸರಿ‌ಲ್ಲದ ಸ್ಥಳೀಯ ಸಹಾಯಕರಿರುತ್ತಾರೆ: ಹೆಂಡತಿ, ಸಹೋದ್ಯೋಗಿ, ಅಡುಗೆಯವ, ವಿದ್ಯಾರ್ಥಿ. ಮಾತ್ಸುಯೆ ದಿನಚರಿಯಲ್ಲಿ ನಿಶಿದಾನಿಗೆ ದೊರೆತ ಸ್ಥಾನ ಸೆತ್ಸುವಿಗೆ ದೊರೆಯಲಿಲ್ಲವೆಂಬುದನ್ನು ಗುರುತಿಸಬೇಕು.

ಕನ್ನಡದ ಮಟ್ಟಿಗೆ ಈ ಚರ್ಚೆಗೆ ಈಗ ಒಂದು ತುರ್ತು ಒದಗಿದೆ. 1990ರ ದಶಕದಿಂದ ಈಚೆಗೆ, ಗಣಕ ತಂತ್ರಜ್ಞಾನದ ಕೆಲಸಕ್ಕಾಗಿ ಆರು ತಿಂಗಳಿಗೋ ಎರಡು ವರ್ಷಕ್ಕೋ ಹೊರದೇಶಕ್ಕೆ ನಿಯೋಜಿತರಾದ ಕನ್ನಡಿಗರು ಬಹುಸಂಖ್ಯೆಯಲ್ಲಿದ್ದಾರೆ. ಅವರು ಬರೆಯುತ್ತಲೂ ಇದ್ದಾರೆ. ಅವರ ಬರಹಗಳನ್ನು ಕಾರಂತರ ಅಥವಾ ಗೊರೂರರ ಅಳತೆಗೋಲಿನಿಂದ ಅಳೆದು, ಅಲ್ಲಿಯ ವಿಸ್ತಾರವಿಲ್ಲ, ಇಲ್ಲಿಯ ಲವಲವಿಕೆಯಿಲ್ಲ ಎನ್ನುವುದು ಸುಲಭ. ಕೇಳಬೇಕಾದ ಪ್ರಶ್ನೆಗಳು ಬೇರೆ. ವೀಸಾದ ಅವಧಿ ಆ ಬರಹದ ರಚನೆಯನ್ನು ಹೇಗೆ ನಿಯಂತ್ರಿಸಿದೆ? ವಾರಾಂತ್ಯದ ಆಚೆಗೆ ಅದು ಏನನ್ನು ಕಂಡಿದೆ? ಕೆಲಸದ ಕೊಠಡಿಯೇ ಬರಹದಿಂದ ಕಾಣೆಯಾಗಿದ್ದರೆ ಅದಕ್ಕೆ ಕಾರಣವೇನು? ಜಲಪಾತ, ವಸ್ತುಸಂಗ್ರಹಾಲಯಗಳನ್ನು ವರ್ಣಿಸಿ, ದಿನದ ಹತ್ತು ಗಂಟೆ ಕಳೆದ ಕಚೇರಿಯ ಬಗ್ಗೆ ಒಂದು ಸಾಲನ್ನೂ ಬರೆಯದ ಕೃತಿ, ಬರೆದವರು ನೌಕರರಾಗಿದ್ದರೂ, ಪ್ರವಾಸಿಯ ಕೃತಿಯೇ ಆಗುತ್ತದೆ. ಹರ್ನ್‌ನ ದೋಷಗಳೇನೇ ಇರಲಿ, ತಾನು ಸಂಬಳಕ್ಕೆ ದುಡಿದ ಕೊಠಡಿಯನ್ನು ಅವನು ಮುಚ್ಚಿಡಲಿಲ್ಲ. ಅವನನ್ನು ಇಂದು ನಾವು ಪ್ರಶ್ನಿಸಲು ಸಾಧ್ಯವಾಗಿರುವುದು ಅವನು ಆ ಬಾಗಿಲನ್ನು ತೆರೆದಿಟ್ಟದ್ದರಿಂದಲೇ.

ಈ ವ್ಯವಸ್ಥೆಯ ಇನ್ನೊಂದು ತುದಿಯನ್ನೂ ನೋಡಬೇಕು. ಜಪಾನ್ ಪರದೇಶದವರನ್ನು ಕರೆಸಿಕೊಂಡಂತೆ ತನ್ನವರನ್ನು ಹೊರಗೆ ಕಳಿಸಿತು. ಕುಮಾಮೊತೊದ ಅದೇ ಕಾಲೇಜಿನಲ್ಲಿ ಹರ್ನ್ ಹೋದ ಮೇಲೆ, 1896ರಿಂದ, ಇಂಗ್ಲಿಷ್ ಕಲಿಸಿದ ನಾತ್ಸುಮೆ ಸೊಸೆಕಿಯನ್ನು 1900ರಲ್ಲಿ ಶಿಕ್ಷಣ ಇಲಾಖೆ ಎರಡು ವರ್ಷದ ಅವಧಿಗೆ ಲಂಡನ್ನಿಗೆ ಕಳಿಸಿತು. ವರ್ಷಕ್ಕೆ 1,800 ಯೆನ್ ವೇತನ. ಹಣ ಸಾಲದು, ಸಂಗಡಿಗರಿಲ್ಲ. ಒಂದು ಬಾಡಿಗೆ ಕೊಠಡಿಯಿಂದ ಇನ್ನೊಂದಕ್ಕೆ ಸಾಗುತ್ತ, ಕೊನೆಗೆ ಬಾಗಿಲು ಹಾಕಿಕೊಂಡು ಪುಸ್ತಕಗಳ ನಡುವೆ ಕುಳಿತ ಸೊಸೆಕಿ, ಆ ಎರಡು ವರ್ಷಗಳನ್ನು ತನ್ನ ಬದುಕಿನ ಅತ್ಯಂತ ಅಹಿತಕರ ಕಾಲವೆಂದು ಸಾಹಿತ್ಯ ಸಿದ್ಧಾಂತವನ್ನು ಕುರಿತ ತನ್ನ 1907ರ ಗ್ರಂಥದ ಮುನ್ನುಡಿಯಲ್ಲಿ ಬರೆದ. ಹರ್ನ್‌ಗೆ ದೊರೆತ ಆದರ ಅವನಿಗೆ ಲಂಡನ್ನಿನಲ್ಲಿ ದೊರೆಯಲಿಲ್ಲ. ಆದ್ದರಿಂದ ಹರ್ನ್‌ನ ಮೈಮರೆವೂ ಅವನಿಗೆ ಬರಲಿಲ್ಲ. ತಾನು ಕಲಿಯಲು ಬಂದ ಸಾಹಿತ್ಯವನ್ನು ತಾನೇಕೆ ಇಂಗ್ಲಿಷರ ಕಣ್ಣಿನಿಂದ ನೋಡಬೇಕು ಎಂಬ ಪ್ರಶ್ನೆ ಆ ಒಂಟಿ ಕೊಠಡಿಯಲ್ಲಿ ಹುಟ್ಟಿತು. ಅವನು 1903ರ ಆರಂಭದಲ್ಲಿ ಟೋಕಿಯೊಗೆ ಮರಳಿದ. ಅದೇ ವರ್ಷ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಹರ್ನ್‌ನ ನೇಮಕ ಮುಂದುವರಿಯಲಿಲ್ಲ. 1896ರಲ್ಲಿಯೇ ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಅವನು ಜಪಾನಿನ ಪ್ರಜೆಯಾಗಿದ್ದರೂ ಅದು ನೆರವಿಗೆ ಬರಲಿಲ್ಲ. ವಿದ್ಯಾರ್ಥಿಗಳು ಪ್ರತಿಭಟಿಸಿದರು. ತೆರವಾದ ಆ ಸ್ಥಾನದ ಪಾಠಗಳನ್ನು ಹಂಚಿಕೊಂಡವರಲ್ಲಿ ಸೊಸೆಕಿ ಒಬ್ಬನಾಗಿದ್ದ.